ಮಲಗಿದ ವಿದ್ಯಾನಿಧಿ ಟ್ರಸ್ಟನ್ನು ಪುನಃ ಎಬ್ಬಿಸುದು ಹೇಗೆ: ಪರದೇಶದಲ್ಲಿರುವ ಉಡುಪಿ-ಮಂಗ್ಳೂರಿನವರಿಗೆ

ಗಲ್ಫಲ್ಲೋ ಅಮೆರಿಕದಲ್ಲೋ ಇರುವ ನಮ್ಮೂರಿನವರು ಸೇರಿ ಊರಿನ ಮಕ್ಕಳ ಕಾಲೇಜು ಓದಿಗೆ ಅಂತ ಮಾಡಿದ ಟ್ರಸ್ಟು, ಸಂಘ ನಮ್ಮ ಎರಡು ಜಿಲ್ಲೆಯಲ್ಲಿ ಬೇಕಾದಷ್ಟು ಉಂಟು. ಶುರು ಮಾಡಿದವರಿಗೆ ಈಗ ಅರುವತ್ತು ಎಪ್ಪತ್ತು ದಾಟಿತು, ಕೆಲವರು ಊರಿಗೆ ಬಂದು ಸೆಟ್ಲ್ ಆದ್ರು, ಕೆಲವರು ತೀರಿಹೋದ್ರು, ಮಕ್ಕಳು ಟೊರೊಂಟೋದಲ್ಲಿ ಸಿಡ್ನಿಯಲ್ಲಿ, ವಾಟ್ಸಾಪ್ ಗ್ರೂಪಲ್ಲಿ ಗುಡ್ ಮಾರ್ನಿಂಗ್ ಮತ್ತೆ ಓಂ ಶಾಂತಿ ಬಿಟ್ರೆ ಬೇರೆ ಎಂತದೂ ಬರುದಿಲ್ಲ, ಆದ್ರೆ ಬ್ಯಾಂಕಲ್ಲಿ ಒಂದಿಷ್ಟು ಎಫ್‌ಡಿ ಇನ್ನೂ ಉಂಟು. ಒಂದಿನ ಯಾರೋ ಒಬ್ರು "ಪುನಃ ಶುರು ಮಾಡುವ ಮಾರಾಯ್ರೇ" ಅಂತ ಮೆಸೇಜ್ ಹಾಕ್ತಾರೆ, ಎಲ್ರೂ ಕೈ ಮುಗಿಯುವ ಇಮೋಜಿ ಒತ್ತುತ್ತಾರೆ. ಅಲ್ಲಿಂದ ಮುಂದೆ ಎಂತ ಮಾಡ್ಬೇಕು ಅಂತ ಬರೀತೇನೆ.

ಸಾಮಾನ್ಯವಾಗಿ ಆಗುದು ಎಂತ ಅಂದ್ರೆ, ಮೊದಲು ಹೊಸ ಕಮಿಟಿ ಆಗ್ತದೆ, ಲೋಗೋ ಆಗ್ತದೆ, ಆಮೇಲೆ ಟೌನ್‌ಹಾಲಲ್ಲಿ ಒಂದು ಕಾರ್ಯಕ್ರಮ, ಶಾಲು, ಹಾರ, ಸ್ಮರಣಿಕೆ, ಪ್ಲೈವುಡ್ಡಿನ ದೊಡ್ಡ ಚೆಕ್. ಮುಂದಿನ ವರ್ಷ ಪುನಃ ನಿದ್ದೆ. ನನ್ನ ಪ್ರಕಾರ ಸಂಘ ಎದ್ದಿತಾ ಇಲ್ವಾ ಅಂತ ನೋಡ್ಲಿಕ್ಕೆ ಇರುವುದು ಒಂದೇ ಪರೀಕ್ಷೆ, ಫೀಸ್ ಕಟ್ಟುವ ಲಾಸ್ಟ್ ಡೇಟಿಗಿಂತ ಮೊದಲು ದುಡ್ಡು ತಲುಪಿತಾ, ನಾಳೆ ಯಾರಾದ್ರೂ ಕೇಳಿದ್ರೆ ತೋರಿಸ್ಲಿಕ್ಕೆ ಆಗುವ ದಾರಿಯಲ್ಲಿ ತಲುಪಿತಾ. ಕೆಳಗೆ ಬರೆದದ್ದೆಲ್ಲ ಅದಕ್ಕೋಸ್ಕರ.

ಮೊದಲು ಕಪಾಟು ತೆಗೀರಿ

ಹಳೆ ಕಾರ್ಯದರ್ಶಿಯವರ ಮನೆಯಲ್ಲಿ ಒಂದು ಗೋದ್ರೇಜ್ ಕಪಾಟು ಇರ್ತದೆ, ಅದರ ಕೆಳಗಿನ ಖಾನೆಯಲ್ಲಿ ನಿಮ್ಮ ಸಂಘ ಉಂಟು. ಫೋನಲ್ಲಿ "ಎಲ್ಲ ಇದೆ ಇದೆ" ಅಂತ ಹೇಳಿದ್ರೆ ನಂಬ್ಬೇಡಿ, ಊರಲ್ಲಿರುವ ಯಾರಾದ್ರೂ ಒಬ್ರು ಹೋಗಿ ಕೂತು ಒಂದೊಂದೇ ಕಾಗದ ಸ್ಕ್ಯಾನ್ ಮಾಡ್ಲಿ. ಬೇಕಾದ್ದು: ಒರಿಜಿನಲ್ ಟ್ರಸ್ಟ್ ಡೀಡ್ ಅಥವಾ ಸಂಘದ ನೋಂದಣಿ ಸರ್ಟಿಫಿಕೇಟು ಮತ್ತೆ ಬೈಲಾ, ಪ್ಯಾನ್ ಕಾರ್ಡು, ಆದಾಯ ತೆರಿಗೆಯವರ 12ಎ (ಟ್ರಸ್ಟಿನ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತೆ 80ಜಿ (ದಾನಿಗೆ ತೆರಿಗೆ ರಿಯಾಯ್ತಿ) ಆರ್ಡರು, ಪಾಸ್‌ಬುಕ್ಕು, ಎಫ್‌ಡಿ ರಸೀದಿ, ಕೊನೆಯ ಆಡಿಟ್ ರಿಪೋರ್ಟು, ಮಿನಿಟ್ಸ್ ಪುಸ್ತಕ. ಮಿನಿಟ್ಸ್ ಪುಸ್ತಕದ ಕೊನೆಯ ಬರೆದ ಪುಟ ನೋಡಿದ್ರೆ ಅರ್ಧ ಕಥೆ ಗೊತ್ತಾಗ್ತದೆ. ಹೆಚ್ಚಾಗಿ "ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯ" ಅಂತ ಬರೆದು ಅದರ ಕೆಳಗೆ ಖಾಲಿ ಇರ್ತದೆ, ಸಹಿಯೂ ಇರುದಿಲ್ಲ. ಪಕ್ಕದಲ್ಲಿ ರಬ್ಬರ್ ಸ್ಟ್ಯಾಂಪು, ಒಣಗಿದ ಇಂಕ್ ಪ್ಯಾಡು, ಕಾರ್ಬನ್ ಹಾಕಿದ ರಸೀದಿ ಪುಸ್ತಕ. ರಸೀದಿ ಪುಸ್ತಕ ಬಿಸಾಡ್ಬೇಡಿ, ಯಾವ ನಂಬ್ರದವರೆಗೆ ಹರಿದಿದೆ ಅಂತ ಬರೆದಿಟ್ಟು ಉಳಿದದ್ದಕ್ಕೆ ಅಡ್ಡ ಗೆರೆ ಎಳೀರಿ, ಹೊಸ ಕಮಿಟಿ ಬಂದ ಮೇಲೆ ಹಳೆ ಪುಸ್ತಕದಲ್ಲಿ ಯಾರೋ ಚಂದಾ ಎತ್ತಿದ್ರು ಅಂತ ಆಗ್ಬಾರ್ದು.

ಡೀಡ್ ಓದುವಾಗ ಎಲ್ಲ ಓದ್ಲಿಕ್ಕೆ ಬೋರ್ ಆಗ್ತದೆ ಹೌದು, ಆದ್ರೆ ನಾಲ್ಕು ಕಡೆ ಕಣ್ಣು ನಿಲ್ಲಿಸಿ. ಟ್ರಸ್ಟಿಗಳನ್ನು ಯಾರು ನೇಮಕ ಮಾಡುದು, ಕನಿಷ್ಠ ಎಷ್ಟು ಜನ ಬೇಕು, ಕೋರಂ (ಮೀಟಿಂಗ್ ನಡೀಲಿಕ್ಕೆ ಇರ್ಲೇಬೇಕಾದ ಜನ) ಎಷ್ಟು, ತಿದ್ದುಪಡಿ ಮಾಡ್ಲಿಕ್ಕೆ ಅವಕಾಶ ಉಂಟಾ. ಇಬ್ರೋ ಮೂವರೋ ಟ್ರಸ್ಟಿಗಳು ಉಳಿದಿದ್ರೆ ಅವರೇ ಮೊದಲು ಮೀಟಿಂಗ್ ಕರೆದು, ತೀರಿಹೋದವರ ಡೆತ್ ಸರ್ಟಿಫಿಕೇಟು ಫೈಲಿಗೆ ಹಾಕಿ, ರಾಜೀನಾಮೆ ಕೊಟ್ಟವರದ್ದು ಲಿಖಿತದಲ್ಲಿ ತಗೊಂಡು, ಹೊಸಬರನ್ನು ಠರಾವು ಮಾಡಿ ತಗೊಳ್ಬೇಕು, ಆಮೇಲೆ ಹೊಸಬರು ಸೇರಿ ಬೇರೆ ನಿರ್ಣಯ. ಈ ಕ್ರಮ ತಪ್ಪಿ ಮೊದಲೇ ಹೊಸಬರು ಕೂತು ನಿರ್ಣಯ ಮಾಡಿದ್ರೆ ಬ್ಯಾಂಕಿನವರು ವಾಪಸ್ ಕಳಿಸ್ತಾರೆ, ಅವರದ್ದು ತಪ್ಪಲ್ಲ. ಯಾರೂ ಉಳಿದಿಲ್ಲ, ಡೀಡಲ್ಲಿ ದಾರಿಯೂ ಇಲ್ಲ ಅಂತಾದ್ರೆ ಸಿವಿಲ್ ಪ್ರೊಸೀಜರ್ ಕೋಡಿನ 92ನೇ ಸೆಕ್ಷನಲ್ಲಿ ಕೋರ್ಟಿಗೆ ಹೋಗುದು ಒಂದೇ, ಆಗ ವಕೀಲರ ಹತ್ರ ಮಾತಾಡಿ, ನನ್ನ ಬರಹ ಸಾಕಾಗುದಿಲ್ಲ.

ಟ್ರಸ್ಟ್ ಅಲ್ಲ, ಸಂಘ ಅಂತಾದ್ರೆ ಅದು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಬರ್ತದೆ, ಅದರ ಆಫೀಸು ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿಯವರದ್ದು. ಪ್ರತಿ ವರ್ಷ ಮಹಾಸಭೆ ಆದ ಮೇಲೆ ಪದಾಧಿಕಾರಿಗಳ ಪಟ್ಟಿ, ಲೆಕ್ಕಪತ್ರ ಅಲ್ಲಿ ಕೊಡ್ಬೇಕು. ಎಷ್ಟೋ ಸಂಘದವರು ಲೆಕ್ಕ ಆಡಿಟ್ ಮಾಡಿಸಿದ್ದಾರೆ, ಮಹಾಸಭೆಯೂ ಮಾಡಿದ್ದಾರೆ, ಅಲ್ಲಿ ಕೊಟ್ಟಿಲ್ಲ ಅಷ್ಟೆ. ಹಾಗಾಗಿ ಎಷ್ಟು ವರ್ಷದ್ದು ಬಾಕಿ ಉಂಟು ಅಂತ ಅಲ್ಲಿಯೇ ಹೋಗಿ ಕೇಳಿ, ದಂಡ ಕಟ್ಟಿ ಸರಿ ಮಾಡ್ಲಿಕ್ಕೆ ಆಗ್ತದಾ ಅಂತ ಕೇಳಿ. ನಿಮ್ಮ ಸಂಘ ಮುಂಬಯಿಯಲ್ಲಿ ರಿಜಿಸ್ಟರ್ ಆದದ್ದಾದ್ರೆ (ನಮ್ಮವರದ್ದು ಎಷ್ಟೋ ಹಾಗೆಯೇ, ಹೋಟ್ಲಿನವರ ಕಾಲದ್ದು) ಅಲ್ಲಿ ಚಾರಿಟಿ ಕಮಿಷನರ್ ಅಂತ ಇದ್ದಾರೆ, ಟ್ರಸ್ಟಿ ಬದಲಾದ್ರೆ 90 ದಿವಸದೊಳಗೆ ಚೇಂಜ್ ರಿಪೋರ್ಟ್ ಹಾಕ್ಬೇಕು, ಅದು ಬೇರೆಯೇ ರಗಳೆ.

ಬ್ಯಾಂಕು

ನಮ್ಮ ಕಡೆಯ ಹಳೆ ಟ್ರಸ್ಟುಗಳ ಖಾತೆ ಇರುವುದೇ ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಬ್ಯಾಂಕಲ್ಲಿ, ಮತ್ತೆ ಬೇರೆಲ್ಲಿ ಇರ್ಲಿಕ್ಕೆ, ಮೂರೂ ನಮ್ಮೂರಲ್ಲಿ ಹುಟ್ಟಿದ ಬ್ಯಾಂಕು. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು, 2020ರಲ್ಲಿ ಸಿಂಡಿಕೇಟ್ ಕೆನರಾಕ್ಕೆ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿಗೆ. ಐಎಫ್‌ಎಸ್‌ಸಿ ಕೋಡು ಬದಲಾಯ್ತು, ಕೆಲವು ಕಡೆ ಖಾತೆ ನಂಬ್ರವೂ ಬದಲಾಯ್ತು, ಪಕ್ಕಪಕ್ಕ ಇದ್ದ ಬ್ರಾಂಚುಗಳು ಒಂದಾದವು. ದುಬೈಯವರ ಫೋನಲ್ಲಿ ಬೆನಿಫಿಶಿಯರಿ ಅಂತ ಸೇವ್ ಆಗಿರುವುದು ಹಳೆ ಕೋಡು, ಅದಕ್ಕೆ ದುಡ್ಡು ಹೋಗುದಿಲ್ಲ, ವಾಪಸ್ ಬರ್ತದೆ, ಅವರು "ಟ್ರಸ್ಟ್ ಕ್ಲೋಸ್ ಆಗಿದೆ ಕಾಣ್ತದೆ" ಅಂತ ಸುಮ್ಮನಾಗ್ತಾರೆ. ಕೊಡುವವರು ಕಮ್ಮಿ ಆದದ್ದಕ್ಕೆ ಇದೂ ಒಂದು ಕಾರಣ ಅಂತ ಯಾರೂ ಆಲೋಚನೆ ಮಾಡುದಿಲ್ಲ.

ಎರಡು ವರ್ಷ ಯಾವ ವ್ಯವಹಾರವೂ ಇಲ್ಲದಿದ್ರೆ ಖಾತೆ ನಿಷ್ಕ್ರಿಯ ಆಗ್ತದೆ, ಹತ್ತು ವರ್ಷ ಆದ್ರೆ ದುಡ್ಡು ರಿಸರ್ವ್ ಬ್ಯಾಂಕಿನ ಡಿಇಎ ಫಂಡಿಗೆ (ಯಾರೂ ಕೇಳದ ಠೇವಣಿ ಇಡುವ ನಿಧಿ) ಹೋಗ್ತದೆ. ಹೋಯ್ತು ಅಂತ ಹೆದರ್ಬೇಡಿ, ಹಕ್ಕು ಇರುವವರು ಅದೇ ಬ್ಯಾಂಕಿನ ಮೂಲಕ ವಾಪಸ್ ಕೇಳ್ಬಹುದು, ಯಾವ ಬ್ಯಾಂಕಲ್ಲಿ ಮಲಗಿದೆ ಅಂತ ಹುಡುಕ್ಲಿಕ್ಕೆ ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ ಉಂಟು. ಕೌಂಟರಿಗೆ ಹೋಗುವಾಗ ಕೈಯಲ್ಲಿ ಇರ್ಬೇಕಾದ್ದು: ಸಹಿದಾರರ ಬದಲಾವಣೆಯ ಠರಾವಿನ ಸರ್ಟಿಫೈಡ್ ಕಾಪಿ, ಡೀಡಿನ ಕಾಪಿ ಒರಿಜಿನಲ್ ಸಮೇತ, ಟ್ರಸ್ಟಿನ ಪ್ಯಾನು, ಈಗಿನ ಎಲ್ಲ ಟ್ರಸ್ಟಿಗಳ ಕೆವೈಸಿ. ಪರದೇಶದಲ್ಲಿರುವ ಟ್ರಸ್ಟಿಯ ಪೇಪರಿಗೆ ಎಂಬೆಸಿಯದ್ದೋ ಕಾನ್ಸುಲೇಟಿನದ್ದೋ ಅಟೆಸ್ಟೇಶನ್ ಕೇಳಿಯೇ ಕೇಳ್ತಾರೆ ಅಂತ ಇಟ್ಕೊಳ್ಳಿ.

ಇಲ್ಲಿ ಒಂದು ಮಾತು ನೇರ ಹೇಳ್ತೇನೆ, ಚೆಕ್ಕಿಗೆ ಸಹಿ ಹಾಕುವವರು ಊರಲ್ಲಿ ಇರ್ಬೇಕು. ದುಡ್ಡು ನಮ್ಮದು ಸಹಿ ಅವರದ್ದಾ ಅಂತ ಗಲ್ಫಿನವರಿಗೆ ಒಳಗೊಳಗೆ ಕಿರಿಕಿರಿ ಆಗ್ತದೆ, ಸಹಜ. ಅದಕ್ಕೆ ಊರಲ್ಲಿ ಮೂವರನ್ನು ಸಹಿದಾರರು ಅಂತ ಮಾಡಿ, ಯಾರಾದ್ರೂ ಇಬ್ರ ಸಹಿ ಬೇಕು ಅಂತ ಠರಾವು ಹಾಕಿ, ನೆಟ್ ಬ್ಯಾಂಕಿಂಗಲ್ಲಿ ನೋಡ್ಲಿಕ್ಕೆ ಮಾತ್ರ ಆಗುವ ಲಾಗಿನ್ ಪರದೇಶದ ಖಜಾಂಚಿಗೆ ಕೊಡಿ. ಜುಲೈಯಲ್ಲಿ ಮಗುವಿಗೆ ಫೀಸ್ ಕಟ್ಲಿಕ್ಕೆ ಇರುವಾಗ ಸಹಿದಾರರು ಮಸ್ಕತ್ತಲ್ಲಿ ಡ್ಯೂಟಿಯಲ್ಲಿದ್ದಾರೆ ಅಂತ ಆದ್ರೆ ಇಷ್ಟೆಲ್ಲ ಮಾಡಿದ್ದು ಎಂತಕ್ಕೆ?

ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ, ನಾಚಿಕೆ ಮಾಡ್ಬೇಡಿ

ಇದು ಇಡೀ ವಿಷಯದ ಬೇರು, ಹೆಚ್ಚಿನವರಿಗೆ ಅರ್ಥ ಆಗದ್ದೂ ಇದೇ. ಅಣ್ಣ ಅಬುಧಾಬಿಯಲ್ಲಿ, ತಮ್ಮ ಡಲ್ಲಾಸಲ್ಲಿ, ಇಬ್ರೂ ಕಾಪುವಿನ ಒಂದೇ ಮನೆಯವರು, ಇಬ್ರೂ ತಲಾ ಒಂದು ಲಕ್ಷ ಕೊಡ್ತಾರೆ ಅಂತ ಇಟ್ಕೊಳ್ಳಿ. ಅಣ್ಣನದ್ದು ಈಗಲೂ ಇಂಡಿಯನ್ ಪಾಸ್‌ಪೋರ್ಟು, ಅವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ದುಡ್ಡು ವಿದೇಶಿ ದೇಣಿಗೆ ಅಂತ ಲೆಕ್ಕ ಆಗುದಿಲ್ಲ, ಟ್ರಸ್ಟಿನ ಮಾಮೂಲಿ ಖಾತೆಗೆ ತಗೊಳ್ಬಹುದು. ತಮ್ಮ ಅಮೆರಿಕದ ಸಿಟಿಜನ್ ಆಗಿದ್ರೆ, ಕೈಯಲ್ಲಿ ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇದ್ರೂ ಸರಿ, ಅವರ ದುಡ್ಡು ವಿದೇಶಿ ದೇಣಿಗೆ. ಊರಲ್ಲಿರುವ ಎನ್‌ಆರ್‌ಓ ಖಾತೆಯಿಂದ (ಪರದೇಶದಲ್ಲಿರುವವರು ಇಲ್ಲಿ ಇಡುವ ರೂಪಾಯಿ ಖಾತೆ) ರೂಪಾಯಿಯಲ್ಲೇ ಕೊಟ್ರೂ ಅದು ವಿದೇಶಿ ದೇಣಿಗೆಯೇ, ಡಾಲರಾ ರೂಪಾಯಾ ಅನ್ನುದು ಇಲ್ಲಿ ಪ್ರಶ್ನೆ ಅಲ್ಲ. ಹಾಗೆಯೇ ಪರದೇಶದಲ್ಲಿ ರಿಜಿಸ್ಟರ್ ಆದ ನಿಮ್ಮ ಸಂಘ ಕಳಿಸಿದ್ರೂ ವಿದೇಶಿ ಮೂಲ ಅಂತಲೇ ಆಗ್ತದೆ, ಅದರ ಮೆಂಬರ್‌ಗಳೆಲ್ಲ ಇಂಡಿಯನ್ ಪಾಸ್‌ಪೋರ್ಟಿನವರು ಆದ್ರೂ.

ವಿದೇಶಿ ದೇಣಿಗೆ ತಗೊಳ್ಬೇಕಾದ್ರೆ ಎಫ್‌ಸಿಆರ್‌ಎ, ಅಂದ್ರೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ರಿಜಿಸ್ಟ್ರೇಶನ್ ಬೇಕು. 2020ರ ಸೆಪ್ಟೆಂಬರಲ್ಲಿ ಆ ಕಾಯ್ದೆಗೆ ಬಂದ ತಿದ್ದುಪಡಿಯಿಂದ ಹಳೆ ಪದ್ಧತಿ ಎಲ್ಲ ತಲೆಕೆಳಗೆ ಆಯ್ತು. ವಿದೇಶಿ ದುಡ್ಡು ಮೊದಲು ಬಂದು ಬೀಳ್ಬೇಕಾದ್ದು ಸ್ಟೇಟ್ ಬ್ಯಾಂಕಿನ ನ್ಯೂಡೆಲ್ಲಿ ಮೈನ್ ಬ್ರಾಂಚಿನ ಖಾತೆಗೆ, ನೀವು ಬ್ರಹ್ಮಾವರದಲ್ಲಿದ್ರೂ ಬಜಪೆಯಲ್ಲಿದ್ರೂ ಖಾತೆ ಅಲ್ಲಿಯೇ, ಆಮೇಲೆ ಊರಿನ ಖಾತೆಗೆ ತರಿಸಿಕೊಳ್ಬಹುದು. ಆಡಳಿತದ ಖರ್ಚು 50 ಪರ್ಸೆಂಟ್ ಇದ್ದದ್ದು 20ಕ್ಕೆ ಇಳಿಯಿತು. ಮುಖ್ಯವಾದ್ದು, ತಗೊಂಡ ವಿದೇಶಿ ದುಡ್ಡನ್ನು ಬೇರೆ ಸಂಸ್ಥೆಗೆ ದಾಟಿಸುವ ಹಾಗೇ ಇಲ್ಲ. ಮೊದಲೆಲ್ಲ ದೊಡ್ಡ ಟ್ರಸ್ಟಿಗೆ ಬಂದದ್ದನ್ನು ಸಣ್ಣ ಸಂಘಗಳಿಗೆ ಹಂಚುದು ಇತ್ತಲ್ಲ, ಅದು ಬಂದ್. ಯಾರಾದ್ರೂ "ನಮ್ಮ ಎಫ್‌ಸಿಆರ್‌ಎಯಲ್ಲಿ ತಗೊಂಡು ನಿಮಗೆ ಕೊಡ್ತೇವೆ" ಅಂತ ಉಪಕಾರ ಮಾಡ್ಲಿಕ್ಕೆ ಬಂದ್ರೆ ಕೈ ಮುಗಿದು ಬೇಡ ಅನ್ನಿ. ಮಾವನ ಖಾತೆಗೆ ಹಾಕಿ ಅಲ್ಲಿಂದ ಟ್ರಸ್ಟಿಗೆ ತಿರುಗಿಸುವ ಐಡಿಯಾ ಕೊಡುವವರೂ ಇರ್ತಾರೆ, ಸಂಬಂಧಿಕರಿಗೆ ಕಳಿಸ್ಲಿಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇರುವುದು ಸಂಬಂಧಿಕರಿಗೆ, ಟ್ರಸ್ಟಿಗೆ ಅಲ್ಲ.

ಹೊಸದಾಗಿ ರಿಜಿಸ್ಟ್ರೇಶನ್ ಬೇಕಾದ್ರೆ ಮೂರು ವರ್ಷ ಕೆಲಸ ಮಾಡಿದ್ದಿರ್ಬೇಕು, ಹಿಂದಿನ ಮೂರು ಹಣಕಾಸು ವರ್ಷದಲ್ಲಿ ಒಟ್ಟು 15 ಲಕ್ಷ ರೂಪಾಯಿ ಮೂಲ ಉದ್ದೇಶಕ್ಕೇ ಖರ್ಚು ಮಾಡಿದ್ದಿರ್ಬೇಕು, ನೀತಿ ಆಯೋಗದ ದರ್ಪಣ್ ಪೋರ್ಟಲಲ್ಲಿ ಸಂಸ್ಥೆಗೆ ಸಿಗುವ ಐಡಿ ಬೇಕು, ಪದಾಧಿಕಾರಿಗಳ ಆಧಾರ್ ಬೇಕು, ಓಸಿಐನವರಾದ್ರೆ ಆ ಕಾರ್ಡು ಅಥವಾ ಪಾಸ್‌ಪೋರ್ಟು. ಮಲಗಿದ ಟ್ರಸ್ಟಿಗೆ ಈ 15 ಲಕ್ಷದ ಬಾಬ್ತು ಎಲ್ಲಿಂದ ಬರ್ಬೇಕು? ಒಂದು ನಿರ್ದಿಷ್ಟ ಕೆಲಸಕ್ಕೆ ಒಬ್ಬ ನಿರ್ದಿಷ್ಟ ದಾನಿಯಿಂದ ಅಂತ ಪೂರ್ವಾನುಮತಿ ಕೇಳುವ ದಾರಿ ಇನ್ನೊಂದು ಉಂಟು, ಅದಕ್ಕೆ ದಾನಿಯ ಪತ್ರ ಬೇಕು. ಹಳೆ ರಿಜಿಸ್ಟ್ರೇಶನ್ ಇದ್ದವರು ಮೊದಲು ಅದರ ಅವಧಿ ನೋಡಿ, ಐದೇ ವರ್ಷ, ಮುಗಿಯುವ ಆರು ತಿಂಗಳ ಮೊದಲಿಂದ ನವೀಕರಣಕ್ಕೆ ಹಾಕ್ಬಹುದು, ಕಡೇ ಪಕ್ಷ ನಾಲ್ಕು ತಿಂಗಳ ಮೊದಲೇ ಹಾಕಿ ಅಂತ ಕೇಂದ್ರ ಗೃಹ ಇಲಾಖೆಯವರು 2025ರಲ್ಲಿ ಹೇಳಿದ್ದಾರೆ. ದುಡ್ಡು ಬರದ ವರ್ಷವೂ ಎಫ್‌ಸಿ-4 ಅನ್ನುವ ವಾರ್ಷಿಕ ರಿಟರ್ನ್ ಡಿಸೆಂಬರ್ 31ರೊಳಗೆ ಹಾಕ್ಲೇಬೇಕು.

ನನ್ನ ಅಭಿಪ್ರಾಯ ಕೇಳಿದ್ರೆ, ಸಣ್ಣ ಟ್ರಸ್ಟಿನವರು ಮೊದಲ ಮೂರು ವರ್ಷ ಎಫ್‌ಸಿಆರ್‌ಎ ತಂಟೆಗೆ ಹೋಗುದೇ ಬೇಡ. ಗಲ್ಫಿನವರು ಹೆಚ್ಚಾಗಿ ಇಂಡಿಯನ್ ಪಾಸ್‌ಪೋರ್ಟಿನವರೇ, ಅಲ್ಲಿ ಸಿಟಿಜನ್‌ಶಿಪ್ ಸುಲಭದಲ್ಲಿ ಸಿಗುದೂ ಇಲ್ಲ, ಅವರ ದುಡ್ಡು ಮತ್ತೆ ಊರಿನವರ ದುಡ್ಡಲ್ಲಿ ಟ್ರಸ್ಟ್ ನಡೆಸಿ. ಅಮೆರಿಕ, ಕೆನಡಾದ ಸಿಟಿಜನ್‌ಗಳಿಗೆ "ನೀವು ಓದಿದ ಕಾಲೇಜಿಗೆ ಎಫ್‌ಸಿಆರ್‌ಎ ಉಂಟಾ ನೋಡಿ, ಇದ್ರೆ ಅಲ್ಲಿಯೇ ಅವರ ಸ್ಕಾಲರ್‌ಶಿಪ್ ಫಂಡಿಗೆ ಕೊಡಿ" ಅಂತ ಹೇಳಿ. ನಿಮ್ಮ ಸಂಘದ ಹೆಸರು ಬರುದಿಲ್ಲ ಹೌದು, ಮಗುವಿನ ಫೀಸ್ ಕಟ್ಟಿ ಹೋಗ್ತದಲ್ಲ.

ಪ್ರತಿ ದಾನಿಯ ಹೆಸರಿನ ಎದುರು ಪಾಸ್‌ಪೋರ್ಟ್ ಕಾಪಿ ಇಟ್ಕೊಳ್ಳಿ, ವರ್ಷಕ್ಕೊಮ್ಮೆ ಪುನಃ ಕೇಳಿ. ಯಾಕೆಂದ್ರೆ ಹೋದ ವರ್ಷ ಗ್ರೀನ್ ಕಾರ್ಡಲ್ಲಿ ಇದ್ದವರು ಈ ವರ್ಷ ಸಿಟಿಜನ್ ಆಗಿರ್ತಾರೆ, ಫೇಸ್‌ಬುಕ್ಕಲ್ಲಿ ಬಾವುಟ ಹಿಡಿದು ಫೋಟೋ ಹಾಕಿರ್ತಾರೆ, ಟ್ರಸ್ಟಿಗೆ ಮಾತ್ರ ಹೇಳಿರುದಿಲ್ಲ.

ಆಚೆ ಕಡೆಯ ಕಾನೂನು

ಯುಎಇಯಲ್ಲಿ ಇರುವವರು ಗಮನ ಕೊಡಿ. ಅಲ್ಲಿ ದೇಣಿಗೆ ಎತ್ತುದಕ್ಕೆ ಅಂತಲೇ 2021ರ 3ನೇ ಫೆಡರಲ್ ಕಾನೂನು ಉಂಟು, ಅದಕ್ಕಿಂತ ಮೊದಲೇ ದುಬೈಯಲ್ಲಿ 2015ರ ಡಿಕ್ರಿ ಉಂಟು, ಲೈಸೆನ್ಸ್ ಇರುವ ಸಂಸ್ಥೆ ಬಿಟ್ಟು ಬೇರೆಯವರು ಸಾರ್ವಜನಿಕವಾಗಿ ದುಡ್ಡು ಎತ್ತುವ ಹಾಗಿಲ್ಲ, ವಾಟ್ಸಾಪ್ ಗ್ರೂಪಲ್ಲಿ "ಎಲ್ರೂ ತಲಾ ನೂರು ದಿರ್ಹಂ ಕಳಿಸಿ" ಅಂತ ಬರೆದ್ರೂ ಸಿಕ್ಕಿಬೀಳ್ಬಹುದು, ಜುಲ್ಮಾನೆ ಜೈಲು ಎರಡೂ ಉಂಟು. ಯಕ್ಷಗಾನ ಸಂಜೆ, ಕೋರಿ ರೊಟ್ಟಿ ಊಟ ಇಟ್ಟು ಕೂಪನ್ ಮಾರಿ ಫಂಡ್ ಮಾಡುವ ಕಾಲ ಹೋಯ್ತು ಅಂತ ತಿಳ್ಕೊಳ್ಳಿ, ಮಾಡುದಾದ್ರೆ ಲೈಸೆನ್ಸ್ ಇರುವವರ ಒಟ್ಟಿಗೆ. ಯಾರಿಗೆ ಕೊಡ್ಲಿಕ್ಕೆ ಮನಸ್ಸುಂಟೋ ಅವರು ಅವರವರ ಖಾತೆಯಿಂದ ನೇರ ಊರಿನ ಟ್ರಸ್ಟಿಗೆ ಹಾಕ್ಲಿ, ನಡುವೆ ಒಬ್ರು ಎತ್ತಿ ಒಟ್ಟಿಗೆ ಕಳಿಸುದು ಬೇಡ. ಹಾಗೆ ಒಟ್ಟಿಗೆ ಕಳಿಸಿದ್ರೆ ಇಲ್ಲಿಯೂ ಯಾರ ದುಡ್ಡು ಅಂತ ತೋರಿಸ್ಲಿಕ್ಕೆ ಆಗುದಿಲ್ಲ.

ಅಮೆರಿಕದಲ್ಲಿ 501(ಸಿ)(3) (ತೆರಿಗೆ ವಿನಾಯಿತಿಯ ದತ್ತಿ ಸಂಸ್ಥೆ) ಅಂತ ಮಾಡಿಸಿಟ್ಟವರು ಅಲ್ಲಿಯ ತೆರಿಗೆ ಇಲಾಖೆ ಐಆರ್‌ಎಸ್‌ನ ವೆಬ್‌ಸೈಟಲ್ಲಿ ನಿಮ್ಮ ಸಂಸ್ಥೆ ಇನ್ನೂ ಜೀವ ಇದೆಯಾ ನೋಡಿ. ಸತತ ಮೂರು ವರ್ಷ 990 ಅನ್ನುವ ವಾರ್ಷಿಕ ರಿಟರ್ನ್ ಹಾಕದಿದ್ರೆ ತನ್ನಷ್ಟಕ್ಕೆ ರದ್ದಾಗ್ತದೆ, ಯಾರೂ ಫೋನ್ ಮಾಡಿ ಹೇಳುದಿಲ್ಲ. ವರ್ಷದ ಆದಾಯ 50,000 ಡಾಲರ್ ಒಳಗಿದ್ರೆ 990-ಎನ್ ಅಂತ ಪೋಸ್ಟ್‌ಕಾರ್ಡ್ ಉಂಟು, ಆನ್‌ಲೈನಲ್ಲಿ ಚಾ ಕುಡಿದು ಮುಗಿಸುವಷ್ಟರಲ್ಲಿ ಆಗ್ತದೆ, ಅದನ್ನೂ ಹಾಕದೆ ರದ್ದು ಮಾಡಿಸ್ಕೊಂಡವರು ಎಷ್ಟೋ ಜನ. ರದ್ದಾದ್ರೆ ಪುನಃ ಅರ್ಜಿ, ಸಣ್ಣವರಿಗೆ 1023-ಇಝೆಡ್ ಅಂತ ಚಿಕ್ಕ ಫಾರ್ಮ್, ಶುಲ್ಕ 275 ಡಾಲರ್. ಜೀವ ಇದ್ರೆ ಒಂದು ದೊಡ್ಡ ಲಾಭ ಉಂಟು, ಅಲ್ಲಿಯ ದೊಡ್ಡ ಐಟಿ ಕಂಪೆನಿಗಳು ಉದ್ಯೋಗಿ ಕೊಟ್ಟಷ್ಟೇ ತಾವೂ ಸೇರಿಸಿ ಕೊಡುದು ಉಂಟಲ್ಲ, ಅದು ಅಲ್ಲಿಯ ಸಂಸ್ಥೆಗೆ ಬರ್ತದೆ. ಅಲ್ಲಿಂದ ಇಲ್ಲಿಗೆ ಬರುವಾಗ ಮಾತ್ರ ಪುನಃ ಎಫ್‌ಸಿಆರ್‌ಎ.

ಆದಾಯ ತೆರಿಗೆ, ಬೇಗ ಹೇಳಿ ಮುಗಿಸ್ತೇನೆ

ಹಳೆ 12ಎ ಆರ್ಡರು "ಪರ್ಮನೆಂಟ್" ಅಂತ ಫ್ರೇಮ್ ಹಾಕಿಟ್ಟವರಿಗೆ ಬೇಜಾರಿನ ಸುದ್ದಿ, 2021ರ ಏಪ್ರಿಲಿಂದ ಎಲ್ಲ ಟ್ರಸ್ಟುಗಳೂ ಹೊಸದಾಗಿ ನೋಂದಣಿ ಮಾಡ್ಬೇಕು ಅಂತ ಆಗಿದೆ, ಅದಕ್ಕೆ ಐದು ವರ್ಷದ ಅವಧಿ. 2025ರ ಹಣಕಾಸು ಕಾಯ್ದೆಯಲ್ಲಿ ಸಣ್ಣ ಟ್ರಸ್ಟುಗಳಿಗೆ, ಅಂದ್ರೆ ಹಿಂದಿನ ಎರಡೂ ವರ್ಷ ಆದಾಯ 5 ಕೋಟಿ ದಾಟದವರಿಗೆ, ಹತ್ತು ವರ್ಷಕ್ಕೆ ಕೊಡುವ ಹಾಗೆ ಮಾಡಿದ್ರು, ಉಪಕಾರ ಆಯ್ತು. ಮಾಡಿಸದೆ ಬಿಟ್ಟಿದ್ರೆ ಟ್ರಸ್ಟಿನ ಆಸ್ತಿ ಮೇಲೆಯೇ ತೆರಿಗೆ ಬೀಳುವ ಸೆಕ್ಷನ್ ಉಂಟು, ತಡಕ್ಕೆ ಮಾಫಿ ಕೇಳ್ಲಿಕ್ಕೂ ಅವಕಾಶ ಉಂಟು, ಸಿಎ ಹತ್ರ ಕೂತ ಕೂಡ್ಲೇ ಮೊದಲು ಇದನ್ನು ಕೇಳಿ. ಮತ್ತೆ 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಹಳೆ ಫೈಲಿನ ಸೆಕ್ಷನ್ ನಂಬ್ರ ಫಾರ್ಮ್ ನಂಬ್ರ ನೋಡಿ ಅರ್ಜಿ ಬರೀಲಿಕ್ಕೆ ಹೋಗ್ಬೇಡಿ.

80ಜಿ ವಿಷಯದಲ್ಲಿ ನಮ್ಮವರಿಗೆ ಸ್ವಲ್ಪ ಜಾಸ್ತಿಯೇ ಭಕ್ತಿ. ದುಬೈಯಲ್ಲಿ ಸಂಬಳಕ್ಕೆ ಇನ್‌ಕಮ್ ಟ್ಯಾಕ್ಸೇ ಇಲ್ಲ, ಊರಲ್ಲಿ ಬಾಡಿಗೆ ಗಿಡಿಗೆ ಬರುವವರಿಗೂ ನ್ಯೂ ರೆಜಿಮ್ ತಗೊಂಡಿದ್ರೆ 80ಜಿ ಸಿಗುದಿಲ್ಲ. ಹಾಗಾದ್ರೆ ಬೇಡ್ವಾ ಅಂದ್ರೆ ಬೇಕು, ಯಾಕೆಂದ್ರೆ ಕಂಪೆನಿಗಳ ಸಿಎಸ್‌ಆರ್ ದುಡ್ಡು (ಸಮಾಜದ ಕೆಲಸಕ್ಕೆ ಅಂತ ಇಡುವ ಪಾಲು) ತಗೊಳ್ಬೇಕಾದ್ರೆ ಸಿಎಸ್‌ಆರ್-1 ರಿಜಿಸ್ಟ್ರೇಶನ್ ಬೇಕು, ಅದಕ್ಕೆ 12ಎ, 80ಜಿ ಎರಡನ್ನೂ ಕೇಳ್ತಾರೆ. 2,000 ರೂಪಾಯಿಗಿಂತ ಜಾಸ್ತಿ ಕ್ಯಾಷ್ ಕೊಟ್ಟವರಿಗೆ 80ಜಿ ಇಲ್ಲ ಅನ್ನುದೂ ನೆನಪಿರ್ಲಿ.

ಈಗ ಮಕ್ಕಳ ವಿಷಯ

ಹಳೆ ಪದ್ಧತಿ ಎಂತದು, ಎಸ್ಸೆಸೆಲ್ಸಿ ಪಿಯುಸಿಯಲ್ಲಿ 90 ಪರ್ಸೆಂಟ್ ಮೇಲೆ ಬಂದವರಿಗೆ ಎರಡೆರಡು ಸಾವಿರ, ನೂರು ಮಕ್ಕಳಿಗೆ, ಆಗಸ್ಟಲ್ಲೋ ಡಿಸೆಂಬರಲ್ಲೋ ಗಲ್ಫಿನವರು ರಜೆಗೆ ಬಂದಾಗ ಸಭೆ ಮಾಡಿ ಹಂಚುದು. ಎರಡು ಸಾವಿರದಲ್ಲಿ ಈಗ ಲ್ಯಾಬಿನ ಕೋಟು, ರೆಕಾರ್ಡ್ ಪುಸ್ತಕ ಬರ್ಬಹುದು. 90 ಬಂದ ಮಗುವಿಗೆ ನಾಲ್ಕು ಜಾತಿ ಸಂಘದವರೂ ಶಾಲು ಹಾಕ್ತಾರೆ, 68 ತಗೊಂಡು ಕದ್ರಿಯ ಕೆಪಿಟಿಯಲ್ಲಿ (ಸರ್ಕಾರಿ ಪಾಲಿಟೆಕ್ನಿಕ್) ಡಿಪ್ಲೊಮಾ ಸೇರಿ ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ (ನೇರ ಎರಡನೇ ವರ್ಷಕ್ಕೆ) ಇಂಜಿನಿಯರಿಂಗ್ ಹೋಗುವ ಮಗು, ನರ್ಸಿಂಗ್ ಮಾಡುವ ಮಗು, ಅಜ್ಜರಕಾಡಿನ ಸರ್ಕಾರಿ ಮಹಿಳಾ ಕಾಲೇಜಿಗೆ ಕಾರ್ಕಳ ಕಡೆಯಿಂದ ಎರಡು ಬಸ್ ಬದಲಿಸಿ ಬರುವ ಮಗು ಯಾರ ಕಣ್ಣಿಗೂ ಬೀಳುದಿಲ್ಲ. ನೂರು ಜನಕ್ಕೆ ಹಂಚುವ ಬದಲು ಹತ್ತು ಜನಕ್ಕೆ ಕೋರ್ಸ್ ಮುಗಿಯುವವರೆಗೆ ಅಂತ ಮಾತು ಕೊಡಿ. ಫೋಟೋದಲ್ಲಿ ಜನ ಕಮ್ಮಿ ಕಾಣ್ತಾರೆ, ಕಾಣ್ಲಿ.

ಟೈಮಿಂಗ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳ್ಬೇಕು. ಸೆಕೆಂಡ್ ಪಿಯುಸಿ ರಿಸಲ್ಟ್ ಈಗೀಗ ಏಪ್ರಿಲಲ್ಲೇ ಬರ್ತದೆ, ಆಮೇಲೆ ಸಿಇಟಿ ರಿಸಲ್ಟು, ಮಳೆ ಶುರುವಾದ ಮೇಲೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗು. ಸೀಟ್ ಅಲಾಟ್ ಆಯ್ತು, ಮಗು ಚಾಯ್ಸ್ ಒಂದು (ಈ ಸೀಟೇ ಸಾಕು) ಅಂತ ಒತ್ತಿತು ಅಂದ್ರೆ ಕೆಲವೇ ದಿವಸದೊಳಗೆ ಫೀಸ್ ಕಟ್ಟಿ ಅಡ್ಮಿಷನ್ ಆರ್ಡರ್ ಡೌನ್‌ಲೋಡ್ ಮಾಡಿ ಕಾಲೇಜಿಗೆ ಹೋಗಿ ರಿಪೋರ್ಟ್ ಆಗ್ಬೇಕು, ಫೀಸ್ ಕಟ್ಟುದು ಕೆಇಎಗೆ, ಕಾಲೇಜಿಗೆ ಅಲ್ಲ. ಕಟ್ಟದಿದ್ರೆ ಸೀಟ್ ಹೋಯ್ತು. ಸರ್ಕಾರದ ಸ್ಕಾಲರ್‌ಶಿಪ್ಪು ಎಸ್‌ಎಸ್‌ಪಿ ಪೋರ್ಟಲಲ್ಲಿ ಹಾಕುದು ಅಡ್ಮಿಷನ್ ಆದ ಮೇಲೆ, ದುಡ್ಡು ಬರುದು ಇನ್ನೂ ತಡ. ಅಪ್ಪ ಅಮ್ಮ ಬಂಗಾರ ಅಡವಿಡುದು, ಸೊಸೈಟಿಯಲ್ಲಿ ಸಾಲ ಮಾಡುದು ಎಲ್ಲ ಈ ನಡುವಿನ ಗ್ಯಾಪಲ್ಲಿ. ನಿಮ್ಮ ಟ್ರಸ್ಟ್ ಇರ್ಬೇಕಾದ ಜಾಗ ಈ ಗ್ಯಾಪು. ಡಿಸೆಂಬರಲ್ಲಿ ಸಭೆ ಮಾಡಿ ಕೊಡುವ ಚೆಕ್ ಬಡ್ಡಿ ಕಟ್ಲಿಕ್ಕೆ ಹೋಗ್ತದೆ ಅಷ್ಟೆ.

ಅದಕ್ಕೆ ಅರ್ಜಿಯನ್ನು ಮೇ ತಿಂಗಳಲ್ಲೇ ತಗೊಂಡು, ಮನೆ ನೋಡಿ ಬಂದು, "ನಿನಗೆ ಇಷ್ಟರವರೆಗೆ ನಾವು ಕಟ್ತೇವೆ, ಚಲನ್ ಬಂದ ಕೂಡ್ಲೇ ಈ ನಂಬ್ರಕ್ಕೆ ಕಳಿಸು" ಅಂತ ಮೊದಲೇ ಹೇಳಿ ಇಡ್ಬೇಕು. ಅರ್ಜಿ ಫಾರ್ಮಲ್ಲಿ ಎಂಟು ಪುಟ ತುಂಬಿಸ್ಬೇಡಿ. ಮಾರ್ಕ್ಸ್ ಕಾರ್ಡು, ನಾಡಕಚೇರಿಯ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬ್ರ (ಆನ್‌ಲೈನಲ್ಲೇ ಅಸಲಿಯಾ ಅಂತ ನೋಡ್ಬಹುದು, ಐದು ವರ್ಷ ನಡೀತದೆ, ವರ್ಷವರ್ಷ ಹೊಸತು ತಾ ಅಂತ ಓಡಿಸ್ಬೇಡಿ), ಮಗುವಿನ ಹೆಸರಿನ ಪಾಸ್‌ಬುಕ್ಕು, ಎಲ್ಲಿ ಸೀಟ್ ನಿರೀಕ್ಷೆ, ಮನೆಯಲ್ಲಿ ದುಡಿಯುವವರು ಯಾರು. ಸಾಕು. ಮನೆಗೆ ಹೋಗಿ ಬರುವವರು ಊರಿನ ರಿಟೈರ್ಡ್ ಮಾಸ್ಟ್ರುಗಳು, ಟೀಚರ್‌ಗಳು ಆದ್ರೆ ಒಳ್ಳೇದು, ಗದ್ದೆ ಅಂಚಲ್ಲಿ ನಿಂತು ನಾಲ್ಕು ಮಾತಾಡಿದ್ರೆ ಅವರಿಗೆ ಗೊತ್ತಾಗ್ತದೆ ಯಾರ ಮನೆಯಲ್ಲಿ ಎಷ್ಟುಂಟು ಅಂತ. ಹೆಂಚಿನ ಮನೆಯಾ ಆರ್‌ಸಿಸಿಯಾ ಅಂತ ಮಾತ್ರ ನೋಡಿ ನಿರ್ಧಾರ ಮಾಡ್ಬೇಡಿ, ಗಲ್ಫ್ ಕೆಲಸ ಹೋಗಿ ಬಂದವರ ದೊಡ್ಡ ಮನೆಯಲ್ಲಿ ಈಗ ಬರೀ ಲೋನು.

ಎಲ್ಲದಕ್ಕೂ ನೀವೇ ಕೊಡ್ಬೇಕು ಅಂತಿಲ್ಲ. ಇಂಜಿನಿಯರಿಂಗಲ್ಲಿ ಆದಾಯ ಕಮ್ಮಿ ಇರುವವರಿಗೆ ಟ್ಯೂಷನ್ ಫೀ ಮಾಫಿಯ ಎಸ್‌ಎನ್‌ಕ್ಯೂ ಸೀಟುಂಟು, ಸುರತ್ಕಲ್ ಎನ್‌ಐಟಿಕೆಯಂಥ ಕಡೆ ಸೀಟ್ ಸಿಕ್ಕಿದ್ರೆ 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಜಾಮೀನಿಲ್ಲದೆ ಲೋನ್ ಸಿಗ್ತದೆ, ಮನೆಯ ಆದಾಯ 8 ಲಕ್ಷದೊಳಗಿದ್ರೆ 10 ಲಕ್ಷದವರೆಗಿನ ಲೋನಿಗೆ ಕಂತು ಶುರುವಾಗುವವರೆಗೆ ಬಡ್ಡಿಯಲ್ಲಿ 3 ಪರ್ಸೆಂಟ್ ಕಮ್ಮಿ ಆಗ್ತದೆ. ಸರ್ಕಾರಿ ಕಾಲೇಜಲ್ಲಿ ಫೀಸ್ ಕಮ್ಮಿಯೇ, ಅಲ್ಲಿ ಮಗು ಓದು ಬಿಡುದು ಹಾಸ್ಟೆಲು ಮೆಸ್ಸು ಬಸ್ಸಿನ ಖರ್ಚಿಗೆ, ಹಾಗಾಗಿ "ಫೀಸ್ ರಸೀದಿ ತಂದ್ರೆ ಮಾತ್ರ" ಅಂತ ನಿಯಮ ಇಟ್ರೆ ನಿಜವಾಗಿ ಬೇಕಾದವರಿಗೆ ಸಿಗುದಿಲ್ಲ. ಇಂಥ ಮಾಹಿತಿ ಹೇಳಿ ಅರ್ಜಿ ಹಾಕಿಸ್ಲಿಕ್ಕೆ ಒಬ್ರನ್ನು ಕೂರಿಸಿದ್ರೆ ಟ್ರಸ್ಟಿನ ಒಂದು ರೂಪಾಯಿ ನಾಲ್ಕು ರೂಪಾಯಿಯ ಕೆಲಸ ಮಾಡ್ತದೆ. ಕೆಲವು ಸರ್ಕಾರಿ ಸ್ಕೀಮಲ್ಲಿ ಬೇರೆ ಸ್ಕಾಲರ್‌ಶಿಪ್ ತಗೊಂಡ್ರೆ ತಕರಾರು ಉಂಟು, ಮಗುವಿಗೆ ಲುಕ್ಸಾನ್ ಆಗದ ಹಾಗೆ ಕೇಳಿಯೇ ಕೊಡಿ.

ಮತ್ತೆ ದಯಮಾಡಿ ಆ ಮಕ್ಕಳನ್ನು ಸ್ಟೇಜಿಗೆ ಹತ್ತಿಸಿ "ಇವರ ತಂದೆ ಕುಡುಕ, ತಾಯಿ ಬೀಡಿ ಕಟ್ಟಿ ಓದಿಸ್ತಾರೆ" ಅಂತ ಮೈಕಲ್ಲಿ ಹೇಳುದು ನಿಲ್ಲಿಸಿ. ಹತ್ತೊಂಬತ್ತು ವರ್ಷದ ಮಕ್ಕಳು ಅವರು, ಕ್ಲಾಸಿನವರೆಲ್ಲ ನೋಡ್ತಾರೆ. ದಾನಿಗಳಿಗೆ ಲೆಕ್ಕ ಬೇಕಲ್ವಾ ಅಂದ್ರೆ ಹೆಸರಿಲ್ಲದೆ ಕೊಡಿ, ಯಾವ ಕೋರ್ಸು, ಯಾವ ವರ್ಷ, ಎಷ್ಟು ಕಟ್ಟಿದ್ದು, ಪಾಸಾ ಅಂತ.

ಜನ ಮತ್ತೆ ಮೀಟಿಂಗು

ಹೊಸ ತಲೆಮಾರಿನವರು ಬರುದಿಲ್ಲ ಅಂತ ಹಿರಿಯರ ದೂರು, ಬಂದ್ರೆ ಮಾತಾಡ್ಲಿಕ್ಕೆ ಬಿಡುದಿಲ್ಲ ಅಂತ ಕಿರಿಯರ ದೂರು, ಎರಡೂ ಸತ್ಯವೇ. ಪದವಿ ಕೊಟ್ಟು ಕೂರಿಸುವ ಬದಲು ಒಂದು ಕೆಲಸ ಪೂರ್ತಿ ಬಿಟ್ಟುಕೊಡಿ, ದಾನಿಗಳ ಶೀಟು ನೋಡ್ಕೊಳ್ಳುದು ಅಥವಾ ಮೂರು ಮಕ್ಕಳ ಹತ್ರ ತಿಂಗಳಿಗೊಮ್ಮೆ ಮಾತಾಡುದು. ಮೊದಲು ಸ್ಕಾಲರ್‌ಶಿಪ್ ತಗೊಂಡು ಈಗ ಬೆಂಗ್ಳೂರಲ್ಲಿ ಕೆಲಸದಲ್ಲಿರುವವರನ್ನು ಹುಡುಕಿ, ಹಳೆ ರಸೀದಿ, ಹಳೆ ಅರ್ಜಿ ಫೈಲಲ್ಲಿ ಹೆಸರು ಉಂಟಲ್ಲ. ಅವರು ಕೊಡುವ ದುಡ್ಡಿಗೆ ಎಫ್‌ಸಿಆರ್‌ಎ ತಲೆಬಿಸಿಯೂ ಇಲ್ಲ.

ಆನ್‌ಲೈನ್ ಮೀಟಿಂಗ್ ಆದಿತ್ಯವಾರ ರಾತ್ರಿ ಎಂಟಕ್ಕೆ ಇಡಿ, ದುಬೈಯಲ್ಲಿ ಆರೂವರೆ, ನ್ಯೂಜೆರ್ಸಿಯಲ್ಲಿ ಬೇಸಿಗೆಯಾದ್ರೆ ಬೆಳಿಗ್ಗೆ ಹತ್ತೂವರೆ, ಕ್ಯಾಲಿಫೋರ್ನಿಯಾದಲ್ಲಿ ಏಳೂವರೆ. ಕುವೈಟ್, ಕತಾರಿನವರಿಗೆ ಆದಿತ್ಯವಾರ ಡ್ಯೂಟಿ ಇದ್ರೂ ಅಷ್ಟೊತ್ತಿಗೆ ಬಂದಿರ್ತಾರೆ. ಒಂದು ಗಂಟೆ, ಸ್ವಾಗತ ಭಾಷಣ ಇಲ್ಲ.

ಕ್ಯಾಲೆಂಡರ್ ಹಿಂದಿನಿಂದ ಲೆಕ್ಕ ಹಾಕಿ. ಜುಲೈಯಲ್ಲಿ ಚಲನ್ ಕಟ್ಬೇಕಾದ್ರೆ ಮೇಯಲ್ಲಿ ಮಕ್ಕಳ ಆಯ್ಕೆ ಮುಗಿದಿರ್ಬೇಕು, ಅದಕ್ಕೆ ಮಾರ್ಚಿನೊಳಗೆ ಖಾತೆಯಲ್ಲಿ ಹೊಸ ಸಹಿ ಚಾಲ್ತಿ ಆಗಿರ್ಬೇಕು, ಅದಕ್ಕೆ ಡಿಸೆಂಬರಲ್ಲಿ ಎಲ್ರೂ ರಜೆಗೆ ಬಂದಾಗ ಊರಲ್ಲೇ ಕೂತು ಠರಾವು ಮತ್ತೆ ಕೆವೈಸಿ ಸಹಿ ಮುಗಿಸ್ಬೇಕು, ಅದಕ್ಕೆ ಕಪಾಟು ತೆಗೆಯುದು ದೀಪಾವಳಿಗಿಂತ ಮೊದಲು. ಮಾರ್ಚಿಗೆ ಖಾತೆ ಸರಿ ಆಗದಿದ್ರೆ ಆ ವರ್ಷ ಅರ್ಜಿ ಕರೀಲೇಬೇಡಿ, ಪೇಪರಿಗೂ ಹಾಕ್ಬೇಡಿ. ಆ ವರ್ಷ ದಾನಿಗಳ ಪಾಸ್‌ಪೋರ್ಟ್ ಶೀಟು, ಬಾಕಿ ರಿಟರ್ನು, ಹಳೆ ಎಫ್‌ಡಿ ಇಷ್ಟನ್ನೇ ಮುಗಿಸಿ, ಮಕ್ಕಳ ಕೆಲಸ ಮುಂದಿನ ವರ್ಷಕ್ಕೆ.